ಅಂಚೆಯವ ಇಳಿಯದ ಹನ್ನೊಂದು ಮನೆಗಳು

ಮನೆ ಸಂಖ್ಯೆ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ದಲಿತರ ಕಾಲನಿಯ ಮೋಕ್ಷಿತಾಳಿಗೆ ತಾವು ಕಳಿಸಿದ ಹಿಂಬರಹ ಅವಳ ಕೈಸೇರಲು ಹದಿನೇಳು ದಿನ ಹಿಡಿಯಿತು. ಬಂಟ್ವಾಳದಿಂದ ವಾಮದಪದವಿಗೆ ಬಸ್ಸಿಲ್ಲವೆಂದಲ್ಲ. ಕಾಗದ ಎರಡೇ ದಿನದಲ್ಲಿ ಊರು ಮುಟ್ಟಿ, ಜಮೀನ್ದಾರರ ದೊಡ್ಡಮನೆಯ ಚಾವಡಿಯಲ್ಲಿ ಹದಿನೈದು ದಿನ ಕೂತಿತ್ತು. ಲಕೋಟೆಯ ಮೇಲೆ ‘ಕೇರಾಫ್ ದೊಡ್ಡಮನೆ’ ಎಂದು ಬರೆಸಿದವರು ತಾವೇ. ಒಳಗಿನ ಒಕ್ಕಣೆ ಹೀಗಿತ್ತು: ‘ಅರ್ಜಿದಾರರ ಎಲ್ಲ ಪತ್ರಗಳೂ ದೊಡ್ಡಮನೆಯ ವಿಳಾಸದಲ್ಲೇ ಬಟವಾಡೆಯಾಗಿರುತ್ತವೆ. ಸದರಿ ಕಾಲನಿಯಲ್ಲಿ ವಾಸವಿರುವುದಕ್ಕೆ ದಾಖಲೆ ಕಂಡುಬಂದಿರುವುದಿಲ್ಲ. ಆದುದರಿಂದ ಹನ್ನೊಂದು ಮನೆಗಳಿಗೆ ಸಂಖ್ಯೆ ನೀಡಲು ಅವಕಾಶವಿರುವುದಿಲ್ಲ. ಆಕ್ಷೇಪಣೆ ಇದ್ದಲ್ಲಿ ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು.’

ಭಲೇ! ಹನ್ನೊಂದು ಒಲೆಗಳು ದಿನಾ ಉರಿಯುವುದು ದಾಖಲೆಯಲ್ಲವೇ? ಚುನಾವಣೆಯ ಹಿಂದಿನ ವಾರ ಅದೇ ಕಾಲನಿಗೆ ಜೀಪುಗಳು ದಾರಿ ತಪ್ಪದೆ ಬರುತ್ತವಲ್ಲ, ಅವರಿಗೆ ವಿಳಾಸ ಕೊಟ್ಟವರು ಯಾರು? ಮನೆಗೆ ಸಂಖ್ಯೆ ಇಲ್ಲದಿದ್ದರೆ ಹಕ್ಕುಪತ್ರವಿಲ್ಲ. ಹಕ್ಕುಪತ್ರವಿಲ್ಲದಿದ್ದರೆ, ‘ಜಾಗ ನಮ್ಮದು, ಏಳಿ’ ಎಂದು ದೊಡ್ಡಮನೆಯವರು ಹೇಳಿದ ದಿನ ಐವತ್ತು ಚಿಲ್ಲರೆ ಜನ ಪಾತ್ರೆ ಪಡಗ ಹೊತ್ತು ಏಳಬೇಕು. ಅಲ್ಲಿ ರಬ್ಬರ್ ತೋಟ ಇಡುವ ಮಾತು ಈಗಾಗಲೇ ಊರಲ್ಲಿ ಓಡಾಡುತ್ತಿದೆ.

ಆದರೆ ತಮ್ಮನ್ನು ಬೈಯಲು ನನಗಾದರೂ ಯಾವ ಮುಖ ಉಂಟು? ತಾವು ದಾಖಲೆಯೆಂದು ಎತ್ತಿ ಹಿಡಿದಿರುವ ಆ ಬಟವಾಡೆಯನ್ನು ಮೂವತ್ತೊಂದು ವರ್ಷ ಮಾಡಿದವ ನಾನು.

ಕೆಲಸಕ್ಕೆ ಸೇರಿದ ದಿನ ಹಿಂದಿನ ಅಂಚೆಯವರು ಚೀಲದ ಜತೆಗೆ ಈ ಕ್ರಮವನ್ನೂ ಒಪ್ಪಿಸಿದರು. ಕಾಲನಿಯ ಕಾಗದಗಳನ್ನು ದೊಡ್ಡಮನೆಯಲ್ಲಿ ಕೊಡುವುದು, ಕಾಲನಿಯವರು ಅಂಗಳದ ಕೆಳಗೆ ನಿಂತು ಕೇಳಿ ಪಡೆಯುವುದು. ಇಲಾಖೆಯ ಯಾವ ನಿಯಮದಲ್ಲೂ ಇದು ಇರಲಿಲ್ಲ. ಮಾರ್ಗದಿಂದ ಕಾಲನಿಗೆ ಇನ್ನೂರು ಹೆಜ್ಜೆ ಇಳಿಜಾರು. ಅಲ್ಲಿಗೆ ಹೋದರೆ ಸ್ನಾನ ಮಾಡದೆ ಒಳಗೆ ಕಾಲಿಡಬೇಡ ಎಂದಿದ್ದಳು ಅಮ್ಮ. ಅದು ತಪ್ಪೆಂದು ನನಗೆ ಗೊತ್ತಿತ್ತು. ಸ್ನಾನದ ಉದಾಸೀನ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಕಾಗದ ಕೈಗೆ ಸಿಗಲೆಂದು ಕಾಲನಿಯವರೂ ರೇಷನ್ ಕಾರ್ಡಿಗೆ, ಆಧಾರಿಗೆ ‘ಕೇರಾಫ್ ದೊಡ್ಡಮನೆ’ ಎಂದೇ ಬರೆಸಿದರು.

ಹದಿನಾಲ್ಕು ವರ್ಷಗಳ ಹಿಂದೆ ಮೋಕ್ಷಿತಾಳಿಗೆ ನರ್ಸ್ ತರಬೇತಿಯ ಸಂದರ್ಶನಕ್ಕೆ ಕರೆ ಬಂತು. ಎಂದಿನಂತೆ ದೊಡ್ಡಮನೆಯ ಚಾವಡಿಯಲ್ಲಿಟ್ಟು ಬಂದೆ. ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಸಮಯ. ಹೆಣ್ಣಾಳು ಒಬ್ಬಳು ಕಡಿಮೆಯಾಗುತ್ತಾಳೆಂದೋ, ನಿಜವಾಗಿ ಮರೆತೋ, ಅಲ್ಲಿಯ ಯಜಮಾನ್ತಿ ಅದನ್ನು ಕೊಟ್ಟದ್ದು ಸಂದರ್ಶನದ ದಿನ ಕಳೆದ ಮೇಲೆ. ಮರುದಿನ ಅವಳ ಅಪ್ಪ ಸಂಕಪ್ಪ ಮಾರ್ಗದ ಬದಿಯಲ್ಲಿ ಕಾದು ನಿಂತಿದ್ದ. ಬೈಯುತ್ತಾನೆಂದು ಸೈಕಲ್ ನಿಲ್ಲಿಸಿದೆ. ಅವನು ಮೆಲ್ಲಗೆ, “ನೀವು ಇಳಿದು ಬರುವುದು ಬೇಡ ಅಣ್ಣೇರೇ. ಮೇಲಿಂದ ಒಂದು ಕೂಗು ಹಾಕಿದ್ರೆ ಸಾಕಿತ್ತು, ನಾವೇ ಓಡಿ ಬರ್ತಿದ್ದೆವು” ಎಂದ.

ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಈಗ ಊಟಕ್ಕೆ ಕೂತಾಗ, ಪೇಪರು ಓದುವಾಗ, ಆ ಮಾತು ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಅವನ ಮಗಳು ಈಗ ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರ ಕೋಣೆ ಗುಡಿಸುತ್ತಾಳೆ. ಇಷ್ಟಾದ ಮೇಲೂ, ನಿವೃತ್ತನಾಗುವಾಗ ನನ್ನ ಜಾಗಕ್ಕೆ ಬಂದ ಹುಡುಗಿಗೆ ಅದೇ ಕ್ರಮವನ್ನು ಹೇಳಿಕೊಟ್ಟೆ. ಮಧ್ಯಾಹ್ನ ಅವಳ ಸ್ಕೂಟರು ದೊಡ್ಡಮನೆಯ ಮುಂದೆ ನಿಂತ ಸದ್ದು ಕೇಳಿದರೆ ಜಗಲಿಯಿಂದ ಎದ್ದು ಒಳಗೆ ಹೋಗುತ್ತೇನೆ.

ಕಳೆದ ಆಟಿ ತಿಂಗಳ ಮಳೆಯಲ್ಲಿ ಸಂಕಪ್ಪ ತೀರಿಕೊಂಡ. ಜೀವಮಾನದಲ್ಲಿ ಮೊದಲ ಸಲ ಆ ಇಳಿಜಾರು ಇಳಿದೆ. ಅಂಗಳಕ್ಕೆ ಸೆಗಣಿ ಸಾರಿಸಿತ್ತು, ಬಾಗಿಲ ಪಕ್ಕದಲ್ಲಿ ಅಬ್ಬಲಿಗೆ ಗಿಡ. ತಿಂಗಳ ನಂತರ ಮೋಕ್ಷಿತಾ ಮರಣ ಪ್ರಮಾಣಪತ್ರ ತಂದು ತೋರಿಸಿದಳು. ವಿಳಾಸದ ಮೇಲೆ ಬೆರಳಿಟ್ಟು, “ಅಪ್ಪ ಇದ್ದದ್ದು ದೊಡ್ಡಮನೆಯಲ್ಲಂತೆ, ಅಶೋಕಣ್ಣ. ಬದುಕಿರುವಾಗ ಒಂದು ದಿನವೂ ಚಾವಡಿ ಹತ್ತಲಿಕ್ಕೆ ಬಿಡಲಿಲ್ಲ ಅವರು” ಎಂದಳು. ಮನೆ ಸಂಖ್ಯೆಗೆ ನಾನು ಅವಳಿಗೆ ಅರ್ಜಿ ಬರೆದುಕೊಟ್ಟದ್ದು ಅವತ್ತೇ.

ಆಕ್ಷೇಪಣೆಗೆ ಇನ್ನು ಹದಿಮೂರು ದಿನ ಉಳಿದಿವೆ. ಅಷ್ಟರೊಳಗೆ ತಾವು ಖುದ್ದಾಗಿ ಸ್ಥಳ ತನಿಖೆಗೆ ಬರಬೇಕು. ಜೀಪು ಮಾರ್ಗದಲ್ಲೇ ನಿಲ್ಲಲಿ, ನಾವಿಬ್ಬರೂ ನಡೆದು ಇಳಿಯುವ. ಹನ್ನೊಂದು ಮನೆಗಳಿಗೂ ಸಂಖ್ಯೆ ಕೊಟ್ಟು, ಆದೇಶವನ್ನು ಮೋಕ್ಷಿತಾಳ ಮನೆ ಬಾಗಿಲಲ್ಲಿ ಅವಳ ಕೈಗೇ ಕೊಡಬೇಕು. ದಾಖಲೆ ಬೇಕಲ್ಲವೇ ತಮಗೆ? ನನ್ನ ಪ್ರಮಾಣಪೂರ್ವಕ ಹೇಳಿಕೆಯನ್ನು ಲಗತ್ತಿಸಿದ್ದೇನೆ. ದೊಡ್ಡಮನೆಯವರು ನನಗೆ ಸಂಬಂಧಿಕರು. ಇದು ಗೊತ್ತಾದಂದಿನಿಂದ ಮಾತು ಬಿಟ್ಟಿದ್ದಾರೆ, ಬಿಡಲಿ. ಆ ಹೇಳಿಕೆಯಲ್ಲಿ ಇರುವುದು ಎರಡೇ ಸಾಲು: ‘ಆ ಹನ್ನೊಂದು ಮನೆಗಳು ಮೂವತ್ತೊಂದು ವರ್ಷವೂ ಅಲ್ಲಿಯೇ ಇದ್ದವು. ನಾನು ಹೋಗಲಿಲ್ಲ.’

ಇಂತಿ ಎಂದಷ್ಟೇ ಬರೆಯುತ್ತೇನೆ, ‘ವಿಶ್ವಾಸಿ’ ಎಂದು ಬರೆಯಲು ಕೈ ಬರುವುದಿಲ್ಲ,
ಅಶೋಕ್
ನಿವೃತ್ತ ಅಂಚೆಯವ