ಮೂರನೆಯ ತಪ್ಪು

ಮಾರ್ಚ್ 7, 1911. ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಹಾರ್ಲನ್ ಟ್ರಿಪ್‌ನ ತಾಯಿಯನ್ನು ಕೊಂದೆ. ಹನ್ನೊಂದಕ್ಕೆ ಕಾಫಿ, ನಿನ್ನೆಯ ಡೋನಟ್. ಮೂರನೇ ಅಧ್ಯಾಯ ಮುಗಿಯಿತು.

ನ್ಯುಮೋನಿಯ ಕೊಟ್ಟಿದ್ದೇನೆ. ಕ್ಷಯ ಕೊಟ್ಟರೆ ತುಂಬಾ ದಿನ ಹಿಡಿಯುತ್ತದೆ, ಓದುವವರಿಗೆ ಬೇಸರ. ಡಿಸೆಂಬರ್ ತಿಂಗಳು, ಹೊರಗೆ ಹಿಮ, ಒಲೆಯಲ್ಲಿ ಸೌದೆ ಇಲ್ಲ, ಕೊಟ್ಟಿಗೆಯಲ್ಲಿ ಡೈಸಿ ಎಂಬ ಹಸು. ತಾಯಿ ತನ್ನ ಅಂಗಿಯ ಕೊನೆಯ ಗುಂಡಿ ಕಿತ್ತು ಮಗನ ಅಂಗೈಯಲ್ಲಿಟ್ಟು, “ದುಡಿ ಮಗನೇ, ದೇವರು ನೋಡುತ್ತಿದ್ದಾನೆ” ಎಂದು ಕಣ್ಣು ಮುಚ್ಚುತ್ತಾಳೆ. ಆ ಒಂದು ಗುಂಡಿಯಿಂದ ಟ್ರಿಪ್‌ನ ಗುಂಡಿ ಕಾರ್ಖಾನೆ. ಪತ್ರಿಕೆಯವರು ಅವನನ್ನು ಗುಂಡಿ ರಾಜ ಅನ್ನುತ್ತಾರೆ. ನದಿಯ ಕಪ್ಪೆಚಿಪ್ಪು ತಂದು, ಬೇಯಿಸಿ, ಕೊರೆದು ಗುಂಡಿ ಮಾಡುವುದು — ಊರೆಲ್ಲ ಕೊಳೆತ ವಾಸನೆ. ಪುಸ್ತಕದಲ್ಲಿ ವಾಸನೆ ಬರಕೂಡದು ಎಂದು ಮೊದಲೇ ಹೇಳಿದ್ದಾನೆ.

ಇದು ನನ್ನ ನಲವತ್ತೆರಡನೆಯ ಪುಸ್ತಕ, ಟ್ರಿಪ್ ದುಡ್ಡು ಕೊಟ್ಟು ಬರೆಸುತ್ತಿರುವ ಅವನ ಜೀವನ. ಹಿಂದಿನವೆಲ್ಲ ‘ಕ್ಯಾಪ್ಟನ್ ರೋಲ್ಫ್’ ಹೆಸರಿನಲ್ಲಿ ಬಂದವು. ಅಂಥ ಕ್ಯಾಪ್ಟನ್ ಯಾರೂ ಇಲ್ಲ. ಎಲ್ಲದರಲ್ಲೂ ಒಬ್ಬ ಬಡ ಹುಡುಗ, ಬೆದರಿ ಓಡುವ ಒಂದು ಕುದುರೆ, ಗಾಡಿಯಲ್ಲಿ ಸಾಹುಕಾರನ ಮಗಳು. ನಲವತ್ತೊಂದು ಸಲ ಅದೇ ಕುದುರೆಯನ್ನು ಓಡಿಸಿದ್ದೇನೆ, ಪಾಪ. ನಲವತ್ತೊಂದು ತಾಯಂದಿರನ್ನೂ ಕೊಂದಿದ್ದೇನೆ. ತಾಯಿ ಬದುಕಿದ್ದರೆ, ಹುಡುಗ ಸಾಹುಕಾರನಾದ ಮೇಲೆ ಅವಳನ್ನು ಎಲ್ಲಿ ಕೂರಿಸುವುದು ಎಂಬ ತಾಪತ್ರಯ. ಪ್ರಕಾಶಕರಿಗೆ ಇದು ಚೆನ್ನಾಗಿ ಗೊತ್ತು.

ಮಾರ್ಚ್ 9

ಟ್ರಿಪ್ ಅಧ್ಯಾಯ ಓದಿದ. ಅತ್ತ. ರೇಷ್ಮೆ ಕರವಸ್ತ್ರ ಒದ್ದೆ.

“ಹೀಗೇ ಆಗಿದ್ದು, ಮಿಸ್ ಪರ್ಡಿ.”

“ಆ ಗುಂಡಿ ಕಥೆ ನಾನೇ ಕಟ್ಟಿದ್ದು, ಸರ್.”

“ಇರಬಹುದು. ಆದ್ರೂ ಹೀಗೇ ಆಗಿದ್ದು.”

ಮನಸ್ಸು ಕರಗಿದೆಯಲ್ಲ, ಇದೇ ಹೊತ್ತು ಎಂದು ಕೇಳಿಬಿಟ್ಟೆ — ಮುಖಪುಟದ ಮೇಲೆ ನನ್ನ ಹೆಸರು ಹಾಕಬಹುದೇ? ನಕ್ಕ. “ಕೊರೆಯೋರ ಹೆಸರನ್ನ ನಾನು ಗುಂಡಿ ಮೇಲೆ ಹಾಕ್ತೀನಾ?” ನಾನೂ ನಕ್ಕೆ. ರೂಮಿಗೆ ಬಂದು ಮಸಿ ಬಾಟಲಿಯನ್ನು ಗೋಡೆಗೆ ಎಸೆದೆ. ಮೂವತ್ತೊಂಬತ್ತು ವರ್ಷ ವಯಸ್ಸು. ಅಡೀಲಿಯ ಪರ್ಡಿ ಎಂದು ಅಚ್ಚಿನಲ್ಲಿ ಇರುವುದು ಒಂದೇ ಕಡೆ, ಪಾಠಶಾಲೆಯ ಹಳೆಯ ಪಟ್ಟಿಯಲ್ಲಿ. ಅದರಲ್ಲೂ ಒಂದಕ್ಷರ ತಪ್ಪು.

ಮಾರ್ಚ್ 18. ಶನಿವಾರ

ಪತ್ರಿಕೆಯಲ್ಲಿ ಮೂರನೇ ಅಧ್ಯಾಯ ಬಂತು, ಪುಸ್ತಕದ ಜಾಹೀರಾತಿಗೆ. ರೂಮಿನ ಮಾಲಕಿ ಈರುಳ್ಳಿ ಬಿಟ್ಟು ಓದಿ ಅತ್ತಳು. ಸಾರು ಸೀದುಹೋಯಿತು.

ಮಾರ್ಚ್ 23

ಕೌಂಟಿ ಸರ್ಕಾರ ದಿಕ್ಕಿಲ್ಲದವರನ್ನು ಇಡುವ ಬಡವರ ಮನೆಯಿಂದ ಕಾಗದ. ನಟ್ಸನ್ ಎಂಬ ಮೇಲ್ವಿಚಾರಕ ಬರೆದಿದ್ದಾನೆ. ಅಲ್ಲಿಯ ಒಬ್ಬ ಮುದುಕಿಗೆ ಅಧ್ಯಾಯ ಓದಿ ಹೇಳಿದರಂತೆ. ಅದರಲ್ಲಿ ಮೂರು ತಪ್ಪಿವೆ ಎಂದು ಅವಳು ಹಟ ಹಿಡಿದಿದ್ದಾಳೆ, ಬರೆದವರು ಬಂದು ತಿದ್ದಿಕೊಂಡು ಹೋಗಬೇಕಂತೆ. ಇಂಥ ತಲೆಕೆಟ್ಟವರ ಕಾಗದಗಳು ಕ್ಯಾಪ್ಟನ್ ರೋಲ್ಫ್‌ಗೂ ಬರುತ್ತಿದ್ದವು. ಆದರೆ ಎರಡಲ್ಲ, ನಾಲ್ಕಲ್ಲ, ಮೂರು... ಹೋಗಿ ನೋಡಿ ಬರುತ್ತೇನೆ.

ಮಾರ್ಚ್ 25

ಹೋಗಿದ್ದೆ.

ಬಾಗಿಲ ಪಕ್ಕದ ಬೆಂಚಿನ ಮೇಲೆ ಆಲೂಗಡ್ಡೆಯ ಮೊಳಕೆ ಮುರಿಯುತ್ತ ಕೂತಿದ್ದಳು. ಟ್ರಿಪ್‌ನದೇ ಬಾಗಿದ ಮೂಗು. ಒಂದು ಹುಬ್ಬು ಎತ್ತಿ ನೋಡುವ ಅದೇ ಚಾಳಿ.

“ನೀನೇನಾ ನನ್ನ ಸಾಯಿಸಿದೋಳು? ಬಾ, ಕೂತ್ಕೋ.”

“ಮೂರು ತಪ್ಪು ಅಂದ್ರಂತೆ, ಅಜ್ಜಿ.”

“ಹೂಂ. ಹಸು ಹೆಸರು ಡೈಸಿ ಅಲ್ಲ, ಜೆಜಬೆಲ್. ಒದೀತಿತ್ತು ಮುಂಡೇದು. ಎರಡನೇದು, ಡಿಸೆಂಬರ್ ಅಲ್ಲ ಕಣೆ. ಜೂನು. ಹುಲ್ಲು ಕೊಯ್ಯೋ ಕಾಲ.”

“ಮೂರನೇದು?”

“ಅದು ಸಣ್ಣದು ಬಿಡು. ನಾನು ಸತ್ತಿಲ್ಲ.”

ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಕೆಜಾಯ ಟ್ರಿಪ್ ಅವಳ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಮಗ ಪೇಟೆಗೆ ಹೋಗಿ ಬರ್ತೀನಿ ಅಂದನಂತೆ, ಹಸುವನ್ನೂ ಹೊಡೆದುಕೊಂಡು ಹೋದನಂತೆ. ವಾರ ಕಳೆದು ಯಾರೋ ಬಂದರು. ಮನೆ ಅವರಿಗೆ ಮಾರಾಟವಾಗಿತ್ತು. ಕೈ ಸೊಟ್ಟಗಾಗುವವರೆಗೆ ಕಂಡವರ ಬಟ್ಟೆ ಒಗೆದಳು, ಆಮೇಲೆ ಇಲ್ಲಿ. ಒಂಬತ್ತು ವರ್ಷ.

“ಬರ್ತಾನೆ ಅಂತ ಕಾದ್ರಾ?”

“ಮೊದಮೊದಲು ಕಾದೆ. ಆಮೇಲೆ ರೂಢಿ ಆಯ್ತು.”

ಟ್ರಿಪ್ ಕಾರ್ಖಾನೆಯ ಮುತ್ತಿನ ಗುಂಡಿಯ ಒಂದು ಕಾರ್ಡ್ ನನ್ನ ಚೀಲದಲ್ಲಿತ್ತು. ಏನಾದರೂ ಕೊಡಬೇಕಲ್ಲ ಎಂದು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ ತನ್ನ ಅಂಗಿ ತೋರಿಸಿದಳು. ಬಡವರ ಮನೆಯ ಅಂಗಿಗೆ ಗುಂಡಿ ಇಲ್ಲ, ಎದುರಿಗೆ ಲಾಡಿ ಕಟ್ಟುವುದು. ನನಗೆ ನಾಚಿಕೆಯಾಯಿತು. ಅವಳಿಗೆ ಆಗಲಿಲ್ಲ.

ಮಾರ್ಚ್ 27

ಹೇಳಿದೆ. ಟ್ರಿಪ್ ಎದ್ದು ಬಾಗಿಲು ಮುಚ್ಚಿದ.

“ಇನ್ನೂ ಇದಾಳಾ?” — ಮಾರಿದ ಕುದುರೆಯ ಬಗ್ಗೆ ಕೇಳುವ ಹಾಗೆ.

“ಇದಾರೆ.”

“ಬೆತೆಲ್ ಗುಡ್ಡದ ಚರ್ಚ್ ಅಂಗಳದಲ್ಲಿ, ನಮ್ಮಪ್ಪನ ಪಕ್ಕ ಅವಳ ಹೆಸರಿನ ಕಲ್ಲು ನಿಲ್ಲಿಸಿ ಹತ್ತೊಂಬತ್ತು ವರ್ಷ ಆಯ್ತು, ಮಿಸ್ ಪರ್ಡಿ. ಇಟಲಿ ಮಾರ್ಬಲ್. ಮದುವೆಗೆ ಮುಂಚೆ ಮಾವನಿಗೆ ಏನೋ ಒಂದು ಹೇಳಬೇಕಿತ್ತು. ನನ್ನ ಹೆಂಡತಿ ವರ್ಷ ವರ್ಷವೂ ಹೋಗಿ ಹೂ ಇಡ್ತಾಳೆ. ಈಗ ಅವಳಿಗೇನು ಹೇಳ್ಲಿ?”

“ಬದುಕಿದಾರೆ ಅಂತ ಹೇಳಬಹುದು.”

“ನೀವು ಕಥೆ ಬರೆಯೋರು. ಈ ಕಥೇಲಿ ಬದುಕಿರೋ ತಾಯಿಗೆ ಎಲ್ಲಿದೆ ಜಾಗ? ತೋರಿಸಿ, ನೋಡೋಣ.”

ಬರೆದದ್ದು, ಬರೆಯಬೇಕಾದದ್ದು ಸೇರಿ ಪುಸ್ತಕದ ಹನ್ನೆರಡು ಅಧ್ಯಾಯವನ್ನೂ ಮನಸ್ಸಿನಲ್ಲೇ ತಿರುವಿ ನೋಡಿದೆ. ಎಲ್ಲೂ ಇರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದವಳು ನಾನೇ.

ಕಾಗದ ತೆಗೆದ. ‘ಮೇರಿ ಬ್ರೌನ್ ಎಂಬ ನಾನು ಟ್ರಿಪ್ ಮನೆತನಕ್ಕೆ ಸಂಬಂಧಪಟ್ಟವಳಲ್ಲ...’ ವಕೀಲರ ಭಾಷೆ. ವರ್ಷಗಳಿಂದ ತಯಾರಿಟ್ಟಿದ್ದನೋ ಏನೋ, ಅಂಚು ಹಳದಿಯಾಗಿತ್ತು. ಬಡವರ ಮನೆಗೆ ಚಳಿಗಾಲದ ಕಲ್ಲಿದ್ದಲು ಕೊಡಿಸುತ್ತಾನಂತೆ, ನಟ್ಸನ್ ದಾಖಲೆ ತಿದ್ದುತ್ತಾನಂತೆ.

“ಅವಳ ಕೈಲಿ ಸಹಿಗೆ ಗೀಟು ಹಾಕಿಸ್ಕೊಂಡು ಬನ್ನಿ. ಮುಖಪುಟದ ಮೇಲೆ ನಿಮ್ಮ ಹೆಸರು. ನನ್ನದಕ್ಕಿಂತ ಸ್ವಲ್ಪ ಚಿಕ್ಕ ಅಕ್ಷರದಲ್ಲಿ.”

“ಎಷ್ಟು ಚಿಕ್ಕದು?” ಎಂದು ಕೇಳಿದೆ. ಕೇಳಿದ್ದು ನಾನೇ.

ಏಪ್ರಿಲ್ 8

ಎರಡು ವಾರ ಕೈಚೀಲದಲ್ಲಿ ಕಾಗದ ಇಟ್ಟುಕೊಂಡು ತಿರುಗಿದೆ. ಇವತ್ತು ಹೋದೆ.

ಓದಿ ಹೇಳಿದೆ. ಒಂದಕ್ಷರ ಬಿಡದೆ. ಬೆತೆಲ್ ಗುಡ್ಡದ ಕಲ್ಲಿನ ವಿಷಯವನ್ನೂ ಹೇಳಿದೆ. ಅಷ್ಟು ಮಾತ್ರ ಪ್ರಾಮಾಣಿಕಳು ನಾನು.

“ಬೇರೆ ಹೆಸರು ಸಿಗಲಿಲ್ವೇನೆ ಅವನಿಗೆ? ಮೇರಿ ಬ್ರೌನ್ ಅಂತೆ. ಚಪ್ಪೆ ಹೆಸರು.” ಆಮೇಲೆ, “ನಿನಗೇನು ಕೊಡ್ತಾನೆ?”

“ಪುಸ್ತಕದ ಮೇಲೆ ನನ್ನ ಹೆಸರು ಹಾಕ್ತಾರೆ.”

“ಹಂಗಾದ್ರೆ ಸರಿ. ಒಂದು ಹೋದ್ರೆ ಒಂದು ಬಂತು.” ಕುಹಕ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೆನ್ ಹಿಡಿದು ನಿಲ್ಲಿಸಿದಳು. ಹೋದ ವಾರ ಪಕ್ಕದ ಮಂಚದವಳು ಸತ್ತಳಂತೆ. ಹೆಣ ಕೇಳಲು ಯಾರೂ ಬರಲಿಲ್ಲ. ಎರಡು ದಿನ ನೋಡಿ, ಡಾಕ್ಟರ್ ಓದುವ ಹುಡುಗರು ಕೊಯ್ದು ಕಲಿಯಲಿ ಎಂದು ಪೆಟ್ಟಿಗೆಯಲ್ಲಿ ಉಪ್ಪು ತುಂಬಿ ಕಾಲೇಜಿಗೆ ರೈಲಿನಲ್ಲಿ ಕಳಿಸಿದರು. ಕಾನೂನೇ ಹಾಗೆ.

“ನನಗೆ ಅದೊಂದೇ ಹೆದರಿಕೆ ಕಣೆ. ಸಾಯೋಕಲ್ಲ. ಈ ಮೈ ನನ್ನ ಗಂಡ ಬಿಟ್ರೆ ಯಾರೂ ನೋಡಿಲ್ಲ. ಬೆತೆಲ್ ಗುಡ್ಡದಲ್ಲಿ ಅವನ ಪಕ್ಕ ನನ್ನ ಕಲ್ಲು ನಿಂತಿದೆಯಂತಲ್ಲ, ಹೆಸರು ಸಮೇತ. ಕೆಳಗೆ ಖಾಲಿ. ಅದರ ಕೆಳಗೆ ಮಲಗಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ? ಗುಂಡಿ ರಾಜ ಅಂತೆ ನನ್ನ ಮಗ. ತಾಯಿಗೊಂದು ಗುಂಡಿ ತೋಡಿಸಕ್ಕಾಗಲ್ವಾ?”

“ಕೇಳ್ತೀನಿ, ಅಜ್ಜಿ.”

“ಅವನು ಆಗಲ್ಲ ಅಂದ್ರೆ ನೀನು ಬಾ. ‘ಇವಳು ನಮ್ಮೋಳು’ ಅಂತ ಒಂದು ಮಾತು ಹೇಳಿದ್ರೆ ಕೊಡ್ತಾರಂತೆ, ಸ್ನೇಹಿತರಾದ್ರೂ ಆಗುತ್ತಂತೆ. ಎಲ್ಲಾದ್ರೂ ಮಣ್ಣು ಮಾಡು. ರೈಲಿಗೆ ಮಾತ್ರ ಹಾಕಬೇಡ. ಬರ್ತೀಯಾ?”

“ಬರ್ತೀನಿ.”

“ಆಣೆ?”

“ಆಣೆ.”

ಗೀಟು ಹಾಕಿದಳು. ಅಡ್ಡ ಒಂದು, ಉದ್ದ ಒಂದು. ಹೊರಡುವಾಗ ಕೂಗಿ ಹೇಳಿದಳು, ಪುಸ್ತಕದ ಆ ಕೊನೆಯ ಮಾತು ಚೆನ್ನಾಗಿಲ್ಲವಂತೆ. “ದುಡಿ ಮಗನೇ ಅಂತ ಅವನಿಗೆ ಯಾರು ಹೇಳ್ತಾರೆ? ಸಾಯೋವಾಗ ಒಂದು ಒಳ್ಳೇದು ಹೇಳ್ತೀನಿ. ಬಂದು ಬರ್ಕೊಂಡು ಹೋಗು.”

ಏಪ್ರಿಲ್ 10

ಟ್ರಿಪ್‌ನನ್ನು ಕಲ್ಲಿನ ವಿಷಯ ಕೇಳಿದೆ. “ಸತ್ತೋಳನ್ನ ಎರಡು ಸಲ ಹೂಳೋದುಂಟಾ?” ಅಂದ. ಕಾಗದ ಮಡಚಿ ತಿಜೋರಿಯಲ್ಲಿಟ್ಟ.

ಸೆಪ್ಟೆಂಬರ್ 16

ಬಂತು. ನೀಲಿ ಬಟ್ಟೆಯ ರಟ್ಟು, ಬಂಗಾರದ ಅಕ್ಷರ. ‘ಒಂದು ಗುಂಡಿಯಿಂದ: ಹಾರ್ಲನ್ ಟ್ರಿಪ್‌ನ ಜೀವನ.’ ಕೆಳಗೆ — ಅಡೀಲಿಯ ಪರ್ಡಿ. ಚಿಕ್ಕ ಅಕ್ಷರ, ಆದರೆ ಎಲ್ಲವೂ ಸರಿ ಇವೆ. ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಜೋರಾಗಿ ಓದಿದೆ. ಸಂತೋಷವಾಯಿತು. ಸುಳ್ಳೇಕೆ ಬರೆಯಲಿ, ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಸೆಪ್ಟೆಂಬರ್ 28

ನಟ್ಸನ್‌ನಿಂದ ಎರಡು ಸಾಲು. ಮುದುಕಿ ಬಿದ್ದಿದ್ದಾಳೆ, ಮೇಲೇಳುತ್ತಿಲ್ಲ, ನನ್ನನ್ನು ಕೇಳುತ್ತಾಳೆ. ಹೋಗಬೇಕು. ಈ ವಾರ ಎರಡು ಭಾಷಣ ಇವೆ. ಮುಂದಿನ ವಾರ.

ಅಕ್ಟೋಬರ್ 5

ಮುಂದಿನ ವಾರ ಖಂಡಿತ.

ಅಕ್ಟೋಬರ್ 11. ಬುಧವಾರ, ಬೆಳಿಗ್ಗೆ

ಟೆಲಿಗ್ರಾಂ. ‘ಬ್ರೌನ್ ಮುದುಕಿ ನಿನ್ನೆ ಸಂಜೆ ಸತ್ತಳು. ನಾಳೆ ಎರಡು ಗಂಟೆಯೊಳಗೆ ಯಾರೂ ಬರದಿದ್ದರೆ ಮೂರರ ರೈಲು. ನಟ್ಸನ್.’

ಟ್ರಿಪ್‌ನ ಆಫೀಸಿಗೆ ಹೋದೆ. ಓದಿ ವಾಪಸ್ ಕೊಟ್ಟ.

“ನಾನು ಹೋಗಿ ಬರ್ತೀನಿ ಸರ್. ಸ್ನೇಹಿತೆ ಅಂತ ಹೇಳ್ತೀನಿ. ನಿಮ್ಮ ಹೆಸರು ಬರಲ್ಲ.”

“ಪುಸ್ತಕ ಬರೆದೋಳು ಬಡವರ ಮನೆ ಹೆಣ ಕೇಳಿಕೊಂಡು ಹೋದ್ಲು ಅಂದ್ರೆ ಪತ್ರಿಕೆಯೋರು ಸುಮ್ನಿರ್ತಾರಾ? ನಾಳೆ ಎರಡೂವರೆಗೆ ಮಹಿಳಾ ಕ್ಲಬ್ಬಲ್ಲಿ ನಿಮ್ಮ ಓದು. ನನ್ನ ಹೆಂಡತಿ ಇನ್ನೂರು ಜನಕ್ಕೆ ಹೇಳಿದಾಳೆ.” ಪೆನ್ನಿನ ಮುಚ್ಚಳ ಹಾಕಿದ. “ಎರಡನೇ ಮುದ್ರಣಕ್ಕೆ ಹೊಸ ಮುಖಪುಟ ಮಾಡಿಸ್ತಾ ಇದೀವಿ. ಹೆಸರು ಇರಬಹುದು, ಇಲ್ಲದೆಯೂ ಇರಬಹುದು.”

ಅದೇ ದಿನ, ಸಂಜೆ

ಟೆಲಿಗ್ರಾಂ ಫಾರಂ ತುಂಬಿದೆ — ‘ಕಳಿಸಬೇಡಿ. ನಮ್ಮವಳು. ಬರುತ್ತಿದ್ದೇನೆ.’ ಕಿಟಕಿಯ ಮುಂದೆ ನಾಲ್ಕು ಜನ ಇದ್ದರು. ನಿಂತೆ. ನನ್ನ ಸರದಿ ಬಂದಾಗ ಎರಡು ಸ್ಟಾಂಪ್ ಕೇಳಿದೆ.

ಅಕ್ಟೋಬರ್ 12. ಗುರುವಾರ, ಐದು ಗಂಟೆ

ಬಿಳಿ ಕೈಗವಸು, ನಿಂಬೆ ಕೇಕು, ತುಂಬಿದ ಹಾಲ್. ಮೂರನೇ ಅಧ್ಯಾಯವೇ ಬೇಕೆಂದರು. ಕ್ಲಬ್ ಇರುವುದು ಸ್ಟೇಷನ್ನಿನ ಹಿಂದೆ, ಬಡವರ ಮನೆಯ ಪೆಟ್ಟಿಗೆಗಳು ರೈಲು ಹತ್ತುವುದೂ ಅಲ್ಲೇ. ಹಿಮ ಓದಿದೆ, ಸೌದೆ ಇಲ್ಲದ ಒಲೆ ಓದಿದೆ, ಡೈಸಿಯನ್ನು ಓದಿದೆ. ತಾಯಿ ಗುಂಡಿ ಕೀಳುವ ಹೊತ್ತಿಗೆ ರೈಲು ಕೂಗಿತು. ಮೂರು ಗಂಟೆ. ನಿಲ್ಲಿಸಿದೆ. ಎಷ್ಟು ಡಬ್ಬಿಯೋ, ಗಡಗಡ ಮುಗಿಯಲೇ ಇಲ್ಲ, ಬಟ್ಟಲುಗಳು ಅದುರಿದವು. ದುಃಖ ತಡೆಯದೆ ನಿಲ್ಲಿಸಿದೆ ಎಂದುಕೊಂಡರು. ಹಾಲ್ ತುಂಬ ಕರವಸ್ತ್ರ ಹೊರಬಂದವು. ಸದ್ದು ಪೂರ್ತಿ ಅಡಗಿದ ಮೇಲೆ ಮುಂದಿನ ಸಾಲು ಓದಿದೆ — ದುಡಿ ಮಗನೇ, ದೇವರು ನೋಡುತ್ತಿದ್ದಾನೆ.

ಮಿಸೆಸ್ ಟ್ರಿಪ್ ನನ್ನ ಎರಡೂ ಕೈ ಹಿಡಿದಳು. “ನಮ್ಮತ್ತೇನ ನಾನು ನೋಡೇ ಇರಲಿಲ್ಲ. ಇವತ್ತು ನೋಡಿದ ಹಾಗಾಯ್ತು.” ಒಳ್ಳೆಯ ಹೆಂಗಸು. ಭಾನುವಾರ ಬೆತೆಲ್ ಗುಡ್ಡಕ್ಕೆ ಹೂ ಒಯ್ಯುತ್ತಾಳಂತೆ. ನನ್ನನ್ನೂ ಕರೆದಳು. ಹೂಂ ಅಂದೆ.

ಮೂವತ್ತೊಂದು ಪ್ರತಿಗೆ ಸಹಿ ಹಾಕಿದೆ.

ಅಕ್ಟೋಬರ್ 30

ಎರಡನೇ ಮುದ್ರಣ ಹತ್ತಿರ ಬಂತು. ಹೆಸರು ಇದೆ, ಅಕ್ಷರ ಕೊಂಚ ದೊಡ್ಡದೇ. ತಪ್ಪುಗಳಿದ್ದರೆ ತಿದ್ದಿ ಕಳಿಸಿ ಎಂದು ಪ್ರೂಫ್ ಬಂದಿದೆ.

ತಿದ್ದಿದೆ. ಡೈಸಿ ತೆಗೆದು ಜೆಜಬೆಲ್. ಡಿಸೆಂಬರ್ ತೆಗೆದು ಜೂನ್. ಹಿಮ ಹೋಯಿತು, ಒಂದು ಪುಟ ಉಳಿಯಿತು. ಮೂರನೆಯದು ತಿದ್ದುವ ಹಾಗಿಲ್ಲ, ಅದು ಈಗ ಸರಿಯಾಗಿದೆ.

ಉಳಿದದ್ದು ಕೊನೆಯ ಮಾತು. ನಟ್ಸನ್‌ನ ಲಕೋಟೆ ಹದಿನೈದು ದಿನದಿಂದ ಮೇಜಿನ ಮೇಲಿತ್ತು. ಇವತ್ತು ಒಡೆದೆ. ಗುಂಡಿಯ ಕಾರ್ಡ್ ವಾಪಸ್ ಕಳಿಸಿದ್ದಾನೆ, ಒಂದೂ ಕಿತ್ತಿಲ್ಲ. ಜೊತೆಗೆ ಚೀಟಿ — ನೀವು ಬರೆದುಕೊಳ್ಳಲು ಬರುತ್ತೀರಿ ಎಂದು ಅವಳು ಕೊನೆಯ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು, ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು, ಕಡೆಗೆ ಕೇಳಿದ್ದು ಇಷ್ಟೇ:

“ಆ ಹುಡುಗಿ ಬಂದ್ಲಾ?”