ಒಂದೇ ಬಾಟಲಿಯನ್ನು ಮೂವತ್ತು ಸಲ ಹುಟ್ಟಿಸಿದವರಿಗೆ

ಮಾನ್ಯರೇ,

ದೇಶದ ಆಹಾರ ಪ್ಯಾಕಿಂಗ್ ಎಷ್ಟು ಇಂಗಾಲ ಉಗುಳುತ್ತದೆಂದು ಲೆಕ್ಕ ಹಿಡಿಯುವ ಇಲಾಖೆಯ ಮುಖ್ಯಸ್ಥರು ನೀವು. ಹಾಲಿನ ಗಾಜಿನ ಬಾಟಲಿ ತೊಳೆಯುವ ಒಂದು ಶೆಡ್ಡಿನ ಗುಮಾಸ್ತ ನಾನು. ನಿಮ್ಮ ಲೆಕ್ಕ ತಪ್ಪಿದೆ. ಆ ತಪ್ಪಿನ ಮೇಲೆ ಹೊರಟ ಆದೇಶದಿಂದ ನಮ್ಮ ಶೆಡ್ಡು ಬರುವ ತಿಂಗಳ ಕೊನೆಗೆ ಮುಚ್ಚುತ್ತದೆ. ವಿಷಯ ಇಷ್ಟೇ. ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಆದೇಶಕ್ಕೆ ಸಹಿ ಹಾಕುವಾಗಲೂ ತಾವು ಬಹಳ ಓದಿದಂತೆ ಕಾಣುವುದಿಲ್ಲ.

ಇಪ್ಪತ್ತು ವರ್ಷಗಳ ಪ್ಯಾಕಿಂಗ್ ಹೊಗೆಯ ಬಗ್ಗೆ ನೀವು ಹೊರತಂದ ವರದಿ ನಮಗೂ ತಲುಪಿತು. ಹೊಳೆಯುವ ಕಾಗದ, ದಪ್ಪ ರಟ್ಟು, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಹೊದಿಕೆ ಹರಿದು ಹದಿನಾಲ್ಕನೇ ಪುಟದ ಗ್ರಾಫ್ ನೋಡಿದೆ. ಹಾಲಿನ ಬಾಟಲಿಗಳ ಗೆರೆ ಒಂಬತ್ತು ವರ್ಷ ನೆಲ ಕಚ್ಚಿ ಮಲಗಿದೆ. ಹತ್ತನೇ ವರ್ಷ ಗೋಡೆಯಂತೆ ಎದ್ದು ನಿಂತಿದೆ. ಕೆಳಗೆ ನಿಮ್ಮ ತಜ್ಞರ ವಿವರಣೆ: ‘ಗ್ರಾಹಕರಲ್ಲಿ ಗಾಜಿನ ವ್ಯಾಮೋಹ ಹಠಾತ್ತನೆ ಹೆಚ್ಚಿರುವುದು ಕಂಡುಬರುತ್ತದೆ.’ ಒಂದೇ ವರ್ಷಕ್ಕೆ ಮೂವತ್ತು ಪಟ್ಟು ವ್ಯಾಮೋಹ! ಮದುವೆಯಾದ ಹೊಸದರಲ್ಲೂ ಯಾರಿಗೂ ಇಷ್ಟು ಏರಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಬದಲಾದದ್ದು ಗ್ರಾಹಕರಲ್ಲ, ನಿಮ್ಮ ಫಾರ್ಮು. ಅಲ್ಲಿಯವರೆಗೆ ‘ವರ್ಷದಲ್ಲಿ ಖರೀದಿಸಿದ ಹೊಸ ಬಾಟಲಿಗಳು’ ಎಂದು ಕೇಳುತ್ತಿದ್ದಿರಿ. ಕಂಪ್ಯೂಟರ್ ಫಾರ್ಮು ಬಂದಾಗ ಅದು ‘ವರ್ಷದಲ್ಲಿ ತುಂಬಿದ ಬಾಟಲಿಗಳು’ ಎಂದಾಯಿತು. ನಮ್ಮ ಬಾಟಲಿ ಬೆಳಿಗ್ಗೆ ಹಾಲು ಹೊತ್ತು ಮನೆಗಳಿಗೆ ಹೋಗುತ್ತದೆ, ಖಾಲಿಯಾಗಿ ವಾಪಸು ಬರುತ್ತದೆ, ತೊಳೆದರೆ ಮತ್ತೆ ಹೊರಡುತ್ತದೆ. ಒಡೆದು ಹೋಗುವ ಮುನ್ನ ಸರಾಸರಿ ಮೂವತ್ತು ಸಲ. ವರ್ಷಕ್ಕೆ ನಾವು ಕೊಳ್ಳುವುದು ಒಂದು ಲಕ್ಷ ಎಂಬತ್ತು ಸಾವಿರ ಹೊಸ ಬಾಟಲಿ. ತುಂಬುವುದು ಐವತ್ನಾಲ್ಕು ಲಕ್ಷ ಸಲ. ನೀವು ಐವತ್ನಾಲ್ಕು ಲಕ್ಷವನ್ನೂ ಕುಲುಮೆಯಿಂದ ಆಗಷ್ಟೇ ಇಳಿದ ಬಾಟಲಿಗಳೆಂದು ಹಿಡಿದು, ಒಂದೊಂದರ ತಲೆಗೂ ಗಾಜು ಕರಗಿಸಿದ ಹೊಗೆ ಕಟ್ಟಿದಿರಿ. ಹೀಗೆ ಎಣಿಸುವುದಾದರೆ, ದಿನಾ ಕಚೇರಿಗೆ ಹೋಗಿಬರುವ ತಮ್ಮನ್ನೂ ವರ್ಷಕ್ಕೆ ಮುನ್ನೂರು ಮಂದಿ ಅಧಿಕಾರಿಗಳೆಂದು ಬರೆಯಬೇಕಾದೀತು. ದೇಶ ತಡೆದೀತೇ?

ನಾವೇನೂ ಹೊಗೆಯಿಲ್ಲದ ಸಂತರಲ್ಲ. ನಮ್ಮ ಬಾಯ್ಲರ್ ಉರಿಯುತ್ತದೆ, ವ್ಯಾನು ಓಡುತ್ತದೆ. ಅದನ್ನು ಬರೆದುಕೊಳ್ಳಿ, ಬೇಡವೆಂದವರು ಯಾರು? ಹುಟ್ಟದೇ ಇದ್ದ ಬಾಟಲಿಯ ಹೊಗೆಯನ್ನು ಮಾತ್ರ ನಮ್ಮ ತಲೆಗೆ ಕಟ್ಟಬೇಡಿ. ನಮ್ಮ ಬದಲಿಗೆ ಬರಲಿರುವ ರಟ್ಟಿನ ಡಬ್ಬಿಯೋ, ಒಮ್ಮೆ ಮೂಲೆ ಕತ್ತರಿಸಿದರೆ ಕಸ. ಅಂಥವು ದಿನಕ್ಕೆ ಸುಮಾರು ಹದಿನೈದು ಸಾವಿರ ಬೇಕು. ಅವು ಹಗುರವಂತೆ. ಒಪ್ಪಿದೆ. ಮರಳಿ ಬಾರದವರು ಯಾವಾಗಲೂ ಹಗುರವೇ.

ಇನ್ನು ನನ್ನ ಪಾಲು. ಆ ಹೊಸ ಫಾರ್ಮನ್ನು ಹನ್ನೊಂದು ವರ್ಷ ತುಂಬಿದವನು ನಾನೇ. ಏಳನೇ ಕಾಲಂನಲ್ಲಿ ಐವತ್ನಾಲ್ಕು ಲಕ್ಷವೆಂದು ಬರೆದು, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿದೆನೆಂದು ಚಹಾಕ್ಕೆ ಹೋಗುತ್ತಿದ್ದೆ. ಯಾಕೆ ಕೇಳುತ್ತಾರೆಂದು ಒಂದು ಸಲವೂ ಕೇಳಲಿಲ್ಲ. ಎಣಿಸಿದವನು ನಾನು, ಗುಣಿಸಿದವರು ನೀವು, ದಣಿದವರು ಬೇರೆ. ಪ್ರಾಸ ನನ್ನ ಹಳೆಯ ಚಟ. ಇಂಥ ಹೊತ್ತಿನಲ್ಲೂ ಬಿಡುವುದಿಲ್ಲ.

ದಣಿದವರಲ್ಲಿ ಒಬ್ಬರು ನನ್ನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಶೆಡ್ಡಿಗೆ ಸೇರಿ ಹತ್ತೊಂಬತ್ತು ವರ್ಷವಾಯಿತು; ಆಮೇಲೆ ನನ್ನನ್ನು ಇಲ್ಲಿಗೆ ಸೇರಿಸಿದವರೂ ಅವರೇ. ಮೊದಲ ಹತ್ತು ವರ್ಷ ತೊಳೆಯುವ ತೊಟ್ಟಿಯ ಬಳಿ ಇದ್ದರು. ಅಲ್ಲಿನ ಬಿಸಿ ಸೋಡಾ ನೀರಿಗೆ ಬೆರಳ ತುದಿಗಳು ಸತ್ತುಹೋಗಿ, ಈಗ ಬಿಸಿ ಲೋಟ ಹಿಡಿದರೂ ಬಿಸಿ ತಿಳಿಯುವುದಿಲ್ಲ. ಈಗ ಬಿಳಿ ದೀಪದ ಎದುರು ಕೂತು, ಸಾಗಿಹೋಗುವ ಬಾಟಲಿಗಳಲ್ಲಿ ಕೂದಲೆಳೆಯ ಬಿರುಕನ್ನೂ ಗುರುತಿಸಿ ಎತ್ತಿಡುತ್ತಾರೆ. ಶೆಡ್ಡಿನಲ್ಲಿ ಅವರ ಹೆಸರೇ ‘ಕಣ್ಣಕ್ಕ.’

ಆದೇಶವನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ ದಿನ ಅವರು ನನ್ನನ್ನು ಕರೆದರು. ‘ಓದಪ್ಪಾ, ಇಂಥ ಗಟ್ಟಿ ಕನ್ನಡ ನಿಂಗೇ ಸರಿ.’

ಓದಿದೆ.

‘ಅಂದ್ರೆ ದೇಶದ ಗಾಳಿ ಕೆಡಿಸ್ತಿರೋರು ನಾವಾ?’

‘ಹಾಗಂತ ಬರೆದಿದ್ದಾರೆ.’

‘ಇಷ್ಟು ವರ್ಷ ತೊಳ್ದೂ ತೊಳ್ದೂ ಕೆಡಿಸಿದ್ವಾ? ಭಲೇ!’

ಮುಚ್ಚಳ ಕೀಳುವ ಹೆಂಗಸು ಪಕ್ಕದಿಂದ, ‘ಅಕ್ಕಾ, ಅರ್ಧ ದೇಶ ನೀನೊಬ್ಳೇ ಸುಟ್ಟಿರ್ತೀಯ ಬಿಡು’ ಎಂದಳು. ಅತ್ತಿಗೆಯೂ ನಕ್ಕರು. ನಗು ಮುಗಿಸಿ ಕೇಳಿದರು: ‘ಅಲ್ವೋ, ಈ ಲೆಕ್ಕ ಕೊಟ್ಟೋರು ಯಾರು?’

‘ಇಲಾಖೆಯವರು’ ಎಂದೆ.

ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು. ನನ್ನ ಮೇಲೆ ನಾಚಿಕೆಯಾದರೂ ಬರಬೇಕಿತ್ತು. ಏನೂ ಬರಲಿಲ್ಲ. ಮೇಜಿಗೆ ಹೋಗಿ ಆ ದಿನ ತುಂಬಿದ ಬಾಟಲಿಗಳ ಸಂಖ್ಯೆ ಬರೆದೆ, ಗೆರೆ ಎಳೆದೆ, ಪೆನ್ನಿಗೆ ಟೋಪಿ ಹಾಕಿದೆ. ಈಗಲೂ ಹಾಗೇ ಇದ್ದೇನೆ. ಊಟ ಮಾಡುತ್ತೇನೆ, ರುಚಿ ಕೇಳಿದರೆ ಹೇಳಲಾರೆ.

ನಿಮ್ಮ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಸಿಕ್ಕ ಸಹಾಯಕರು ಮೃದುವಾಗಿಯೇ ಮಾತಾಡಿದರು.

‘ತಪ್ಪು ನಮ್ಗೂ ಗೊತ್ತು ಸರ್. ವಾಪಸ್ ಬಂದ ಬಾಟ್ಲಿಗೆ ಫಾರ್ಮಲ್ಲಿ ಕಾಲಂ ಇಲ್ವಲ್ಲ.’

‘ಒಂದು ಕಾಲಂ ಹಾಕಿ.’

‘ಹಾಕಿದ್ರೆ ಹಿಂದಿನ ಹನ್ನೊಂದು ವರ್ಷದ್ದೂ ತಿದ್ದಬೇಕಾಗುತ್ತೆ ಸರ್. ವರದಿ ಅಚ್ಚಾಗಿಬಿಟ್ಟಿದೆ.’

ಅಚ್ಚಾದ ಒಂದು ಪುಟ ತಿದ್ದಲಾಗದು. ಮೂವತ್ತನಾಲ್ಕು ಜನರ ಕೆಲಸ ಅಳಿಸಬಹುದು. ಎಂಥ ಗಟ್ಟಿ ಶಾಯಿ ಸ್ವಾಮಿ ತಮ್ಮದು!

ನನ್ನ ಬೇಡಿಕೆ ಚಿಕ್ಕದು. ವಾಪಸು ಬಂದ ಬಾಟಲಿಗೆ ಒಂದು ಕಾಲಂ ಕೊಡಿ. ಹನ್ನೊಂದು ವರ್ಷದ ಗೆರೆ ತಿದ್ದಿ. ತಿದ್ದುವವರೆಗೆ ಮುಚ್ಚುವ ಆದೇಶ ತಡೆಹಿಡಿಯಿರಿ. ಅಷ್ಟೂ ವರ್ಷ ಕೊಂಡ ಹೊಸ ಬಾಟಲಿಗಳ ರಸೀದಿ ಪ್ರತಿಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ನಮಗೆ ಕರುಣೆ ಬೇಡ, ಭಾಗಾಕಾರ ಸಾಕು.

ಇದನ್ನು ನಿಮ್ಮ ಟಪಾಲಿಗೆ ಹಾಕದೆ ಪತ್ರಿಕೆಗೆ ಕೊಟ್ಟದ್ದಕ್ಕೆ ಕಾರಣವಿದೆ. ಊಟದ ಬಿಡುವಿನಲ್ಲಿ ಅತ್ತಿಗೆ ಈ ಪತ್ರಿಕೆಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಇದನ್ನೂ ಓದುತ್ತಾರೆ. ಏಳನೇ ಕಾಲಂ ಯಾರು ತುಂಬಿದರೆಂಬ ಜಾಗಕ್ಕೆ ಅವರು ಬರುವಾಗ ನಾನು ಎದುರಿನ ಬೆಂಚಿನಲ್ಲೇ ಕೂತಿರುತ್ತೇನೆ. ಎದ್ದು ಹೋಗುವುದಿಲ್ಲ. ತಾವೂ ಒಂದು ದಿನ ಬಂದು ಪಕ್ಕದಲ್ಲಿ ಕೂರಬಹುದು; ಬೆಂಚು ಉದ್ದವಾಗಿದೆ.

ಇಂತಿ,
ಕೇಳಿದಷ್ಟಕ್ಕೇ ಉತ್ತರ ಬರೆದ ಗುಮಾಸ್ತ