ಹುರಿಗೆ ಕೊಟ್ಟ ಸಲಿಗೆ

ಹುಣಸಿಗಡ್ಡಿ, ಕೃಷ್ಣಾ ನದಿಯ ನಡುವೆ
ಇಸವಿ ೨೨೧೪, ಭಾದ್ರಪದ ೧೩

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ದ್ಯಾವಮ್ಮನ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪುತ್ತದೆ, ಮನ್ನಿಸಬೇಕು. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ಕೈಬರಹದ ಕಾಗದವನ್ನಷ್ಟೇ ಒಯ್ಯುತ್ತದೆ. ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು. ತಿಳಿದಷ್ಟು ಬಿಡಿಸಿ ಹೇಳುತ್ತೇನೆ. ನಾನು ಓದಿರುವುದು ಐದನೆಯ ತರಗತಿಯವರೆಗೆ. ವಯಸ್ಸು ಹತ್ತೊಂಬತ್ತು.

ನಿಮ್ಮ ಕಾಲದಲ್ಲಿ ಇಂಟರ್ನೆಟ್ ಆಕಾಶದಿಂದಲೂ ಇಳಿಯುತ್ತಿತ್ತಂತೆ. ಅದನ್ನು ಕಳಿಸುತ್ತಿದ್ದ ಉಪಗ್ರಹಗಳು ಒಂದಕ್ಕೊಂದು ಬಡಿದು ಉದುರಿ ಬಹಳ ಕಾಲವಾಯಿತು. ಈಗ ಎಲ್ಲವೂ ಬೆಳಕುಹುರಿಯಲ್ಲೇ ಬರಬೇಕು. ಗಾಜಿನ ಎಳೆಗಳನ್ನು ಹೊಸೆದ ಹುರಿ ಅದು. ನೆಲ ಒಪ್ಪಿದ ಕಡೆಗೆ ಮಾತ್ರ ಹೋಗುತ್ತದೆ. ಬಯಲಿನ ಊರುಗಳಿಗೆ ಮೊದಲು ಬಂತು. ಗುಡ್ಡದ ಹಿಂದಿನವು, ಹೊಳೆಯ ನಡುವಿನವು ಉಳಿದುಹೋದವು. ಅವನ್ನು ಮರೆಯೂರು ಎನ್ನುತ್ತಾರೆ. ನಮ್ಮ ಈ ನಡುಗಡ್ಡೆಯೂ ಮರೆಯೂರು. ಇಲ್ಲಿ ಜ್ವರ ಬಂದರೆ ಚೀಟಿ ಬರೆದು ಹರಿಗೋಲಿನಲ್ಲಿ ಆಚೆ ದಡಕ್ಕೆ ಕಳಿಸುತ್ತಿದ್ದೆವು. ವೈದ್ಯರ ಉತ್ತರ ಬರುವಷ್ಟರಲ್ಲಿ ಜ್ವರ ತಾನೇ ಇಳಿದಿರುತ್ತಿತ್ತು, ಇಲ್ಲವೇ ಮೈಮೇಲೆ ಏರಿ ಕುಳಿತಿರುತ್ತಿತ್ತು. ಆರನೆಯ ತರಗತಿಯಿಂದ ಪಾಠಗಳೆಲ್ಲ ಹುರಿಯಲ್ಲೇ ನಡೆಯುವುದರಿಂದ ಇಲ್ಲಿ ಯಾರೂ ಐದನ್ನು ದಾಟಿರಲಿಲ್ಲ. ಇಪ್ಪತ್ತು ತುಂಬಿದವರನ್ನು ಆರಕ್ಕೆ ಸೇರಿಸಿಕೊಳ್ಳುವುದಿಲ್ಲ. ನನಗೆ ಈ ವರ್ಷವೇ ಕೊನೆಯದು.

ಬೆಳಕುಹುರಿ ಇಲಾಖೆಯವರು ಮೂರು ಸಲ ಹುರಿ ಹಾಕಿದ್ದರು. ನಕ್ಷೆಯಲ್ಲಿ ಹೊಳೆ ಎಲ್ಲಿ ಕಿರಿದೋ ಅಲ್ಲಿ, ನೆಟ್ಟಗೆ, ಬಿಗಿಯಾಗಿ. ಹೊಳೆ ಕಿರಿದಾದ ಕಡೆಯೇ ಸೆಳವು ಹೆಚ್ಚು ಎಂಬುದು ನಕ್ಷೆಯಲ್ಲಿ ಇರಲಿಲ್ಲ. ಮೂರು ಮಳೆಗಾಲದಲ್ಲೂ ಹುರಿ ಕಡಿದುಹೋಯಿತು. ಈ ಬೇಸಿಗೆಯಲ್ಲಿ ಬಂದ ಎಂಜಿನಿಯರ್ ಸಲ್ದಾನ ಅವರು, ಈ ಸಲವೂ ಕಡಿದುಹೋದರೆ ಹುಣಸಿಗಡ್ಡಿಯ ಹೆಸರನ್ನು ಹುರಿ ಹಾಕುವ ಊರುಗಳ ಪಟ್ಟಿಯಿಂದ ತೆಗೆಯುತ್ತಾರೆ ಎಂದು ಮುಖ ಸಣ್ಣದು ಮಾಡಿಕೊಂಡು ಹೇಳಿದರು. ಅವರನ್ನು ಕರೆತಂದವಳು ನನ್ನ ಸೋದರತ್ತೆ ಹುಲಿಗೆಮ್ಮ. ನಲವತ್ತು ವರ್ಷದಿಂದ ಹರಿಗೋಲು ಹಾಕುವವಳು. ಆಕೆ ಹುಟ್ಟು ಹಾಕುತ್ತಲೇ ಅಂದಳು:

“ಸಾಹೇಬ್ರ, ನಿಮ್ಮ ಹುರಿ ಹೊಳಿ ಜೋಡಿ ಜಗಳಕ್ಕ ನಿಂತದ. ಸ್ವಲ್ಪ ಸಲಿಗಿ ಕೊಡ್ರಿ, ಹೊಳೀನ ಅದನ್ನ ದಾಟಿಸ್ತದ.”

ಸಲ್ದಾನ ಅವರು ನಕ್ಕರು. ಆಮೇಲೆ ಕೆಳಗೆ ನೋಡಿದರು. ಹರಿಗೋಲು ನೆಟ್ಟಗೆ ಹೋಗುತ್ತಿರಲಿಲ್ಲ. ಮೇಲಿನ ಕಡೆಯಿಂದ ಹೊರಟು, ನೀರಿನ ಜೊತೆ ಓರೆಯಾಗಿ ಇಳಿದು, ಕೆಳಗೆ ಅಗಲವಾದ ಮಂದ ನೀರಿನಲ್ಲಿ ಗಡ್ಡೆ ಸೇರುತ್ತಿತ್ತು. ಅವರು ನಕ್ಷೆ ಮಡಚಿದರು.

ಹುರಿಯೂ ಹರಿಗೋಲಿನ ಆ ಓರೆ ದಾರಿಯಲ್ಲೇ ಬಿತ್ತು. ದಾರಿ ಎರಡು ಪಟ್ಟು ಉದ್ದ, ನಡುವೆ ಮೂರು ಕಡೆ ಸಡಿಲದ ಸುತ್ತು. ಅತ್ತೆ ಹರಿಗೋಲು ನಡೆಸಿದಳು, ನಾನು ಹುರಿ ಬಿಡುತ್ತಾ ಹೋದೆ. ಅಂಗೈಯ ಚರ್ಮ ಸುಲಿಯಿತು.

ಶ್ರಾವಣದಲ್ಲಿ ಹೊಳೆ ಬಂತು. ಒಂಬತ್ತು ದಿನ ಮರದ ಬೊಡ್ಡೆಗಳು, ಸತ್ತ ಎಮ್ಮೆ, ಯಾರದೋ ಬಾಗಿಲು ತೇಲಿ ಹೋದವು. ಶಾಲೆಯ ಗೋಡೆಯ ಮೇಲಿನ ಹಸಿರು ದೀಪ ಹುರಿ ಇದೆಯೋ ಇಲ್ಲವೋ ಹೇಳುತ್ತದೆ. ನಾನು ಅದರ ಮುಂದೆಯೇ ಉಂಡೆ, ಅಕ್ಕಿ ಆರಿಸಿದೆ. ಒಂಬತ್ತು ದಿನವೂ ಅದು ಆರಲಿಲ್ಲ. ಹತ್ತನೆಯ ದಿನ ನೀರು ಇಳಿದಾಗ ಇಡೀ ಗಡ್ಡೆ ದಂಡೆಗೆ ಬಂದು ಹಲಗೆ ಬಾರಿಸಿತು. ಅತ್ತೆ ಮಾತ್ರ ನನ್ನ ಕಿವಿ ಹಿಂಡಿ, “ಹಾಜರಿ ಕೂಗಿದ್ರ ಜೋರ ಹೇಳವ್ವ, ದನಿ ಹೊಳಿ ದಾಟಬೇಕು” ಅಂದಳು. ನಾನು ಮೊದಲಿನಿಂದಲೂ ಮೆಲುದನಿಯವಳು.

ಈಗ ಇಲಾಖೆಯ ನಕ್ಷೆಗಳಲ್ಲೂ ಆ ಸಡಿಲದ ಸುತ್ತಿಗೆ ಸಲಿಗೆ ಎಂದೇ ಹೆಸರು. ಮೇಲಿನ ಏಳು ಗಡ್ಡೆಗಳಿಗೆ ಹಾಗೆಯೇ ಹುರಿ ಹೋಗುತ್ತಿದೆ, ಅತ್ತೆಯ ಹರಿಗೋಲಿನಲ್ಲೇ.

ನಿಮ್ಮಲ್ಲಿ ಒಂದು ಬೇಡಿಕೆ. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು, ಆ ನೀರನ್ನು ದಿನವೂ ದಾಟುವವರನ್ನು ಒಮ್ಮೆ ಕೇಳಿ. ಇಲ್ಲಿಯೂ ಮೊದಲೇ ಹಾಗೆ ಕೇಳಿದ್ದರೆ ನಮಗೆ ಇಷ್ಟು ತಡವಾಗುತ್ತಿರಲಿಲ್ಲ.

ಇಂದು ಬೆಳಿಗ್ಗೆ ನನ್ನ ಹಳೆಯ ನೋಟುಪುಸ್ತಕದ ಮೇಲಿದ್ದ ೫ನ್ನು ಒರೆಸಿ ೬ ಎಂದು ಬರೆದೆ.